ಧ್ವನಿ ಸರ್ವರ್ ಹೆಚ್ಚಿಸಿದರೆ ಸಾಕೇ?

ಅಮೆರಿಕದ ಹ್ಯಾಮ್ ರೇಡಿಯೊ ಹವ್ಯಾಸಿಗಳು ಕಟ್ಟಿಕೊಂಡ ಎಆರ್‌ಇಡಿಎನ್ ಎಂಬ ತುರ್ತು ಜಾಲದಲ್ಲಿ ಬೆಟ್ಟದಿಂದ ಬೆಟ್ಟಕ್ಕೆ, ಚಾವಣಿಯಿಂದ ಚಾವಣಿಗೆ ವೈ-ಫೈ ಮಾದರಿಯ ರೇಡಿಯೊ ಕೊಂಡಿಗಳಿವೆ. ಭೂಕಂಪ, ಕಾಳ್ಗಿಚ್ಚುಗಳ ಹೊತ್ತಿನಲ್ಲಿ ಮೊಬೈಲೂ ಇಂಟರ್‌ನೆಟ್ಟೂ ಕೈಕೊಟ್ಟಾಗ ಸಾಮಾನ್ಯ ಐಪಿ ಫೋನಿನಿಂದಲೇ ಇದರ ಮೇಲೆ ಮಾತಾಡಬಹುದು. ಕರೆ ಜೋಡಿಸಲು ಆಸ್ಟರಿಸ್ಕ್ ತಂತ್ರಾಂಶವಿರುವ ಸರ್ವರ್‌ಗಳನ್ನು ಅಲ್ಲಲ್ಲಿ ಇಡುತ್ತಾರೆ. ಅದಕ್ಕೆ ಅಂಗೈಯಗಲದ ರಾಸ್ಪ್‌ಬೆರಿ ಪೈ ಕೂಡ ಸಾಕು. ಒಂದಕ್ಕಿಂತ ಹೆಚ್ಚು ಸರ್ವರ್ ಇಡುವುದರ ಸುತ್ತ ಕೆಲವು ತಪ್ಪು ಕಲ್ಪನೆಗಳಿವೆ.

ಸರ್ವರ್ ಹೆಚ್ಚಾದಷ್ಟೂ ದನಿ ಸ್ಪಷ್ಟವಾಗುತ್ತದೆ ಎಂಬುದು ಮೊದಲನೆಯದು. ಐಪಿ ಫೋನುಗಳು ಬಳಸುವ ಸಿಪ್ ಪದ್ಧತಿಯಲ್ಲಿ ಕರೆ ಜೋಡಿಸುವ ಸಂದೇಶಗಳ ದಾರಿ ಬೇರೆ, ಮಾತಿನ ದಾರಿ ಬೇರೆ. ಗಂಟೆ ಬಾರಿಸಿ, ಎರಡೂ ಕಡೆಯ ವಿಳಾಸ ತಿಳಿಸಿದ ಮೇಲೆ ಸರ್ವರ್ ಬದಿಗೆ ಸರಿಯಬಹುದು. ಮಾತು ಫೋನಿನಿಂದ ಫೋನಿಗೆ ನೇರ ಹೋಗುತ್ತದೆ. ದನಿ ಕೆಡುವುದು ಗಾಳಿಯಲ್ಲಿ, ಅಂದರೆ ರೇಡಿಯೊ ಕೊಂಡಿಗಳಲ್ಲಿ. ದನಿಯನ್ನು ಅಂಕಿಗಳಾಗಿ ಬದಲಿಸುವ ಜಿ.711 ಕೋಡೆಕ್‌ನಲ್ಲಿ ಮಾತಿಗೆ ಬೇಕಾದದ್ದು ಸೆಕೆಂಡಿಗೆ 64 ಕಿಲೋಬಿಟ್. 20 ಮಿಲಿಸೆಕೆಂಡಿಗೊಂದರಂತೆ ಸೆಕೆಂಡಿಗೆ 50 ಪ್ಯಾಕೆಟ್ ಹೊರಡುತ್ತವೆ. ಪ್ರತಿಯೊಂದರಲ್ಲೂ 160 ಬೈಟ್ ಮಾತು, 40 ಬೈಟ್ ವಿಳಾಸದ ಹೊರೆ. ಒಟ್ಟು 80 ಕಿಲೋಬಿಟ್, ಅದೂ ಒಂದು ದಿಕ್ಕಿಗೆ ಮಾತ್ರ. ಒಂದೇ ಚಾನೆಲ್‌ನಲ್ಲಿ ಪ್ಯಾಕೆಟ್ಟನ್ನು ಮುಂದಿನ ರೇಡಿಯೊ ಕೇಂದ್ರಕ್ಕೆ, ಅಂದರೆ ನೋಡ್‌ಗೆ ದಾಟಿಸಿದಾಗಲೆಲ್ಲ ಅದೇ ಗಾಳಿಯನ್ನು ಮತ್ತೆ ಬಳಸಿದಂತಾಗುತ್ತದೆ. ಎಷ್ಟು ಸರ್ವರ್ ಇಟ್ಟರೂ ಈ ಲೆಕ್ಕ ಬದಲಾಗದು.

ಹಾಗೆಂದು ಸರ್ವರ್ ಎಲ್ಲಿದ್ದರೂ ಒಂದೇ ಎಂದುಕೊಳ್ಳುವುದೂ ಸರಿಯಲ್ಲ. ಕರೆ ದಾಖಲಿಸಲು ಇಲ್ಲವೇ ಕೋಡೆಕ್ ಬದಲಿಸಲು ಸರ್ವರ್ ನಡುವೆ ನಿಂತರೆ ಮಾತೂ ಅದನ್ನು ಹಾದೇ ಹೋಗಬೇಕು. ಆಗ ಸರ್ವರ್ ಐದು ನೋಡ್ ಆಚೆ ಇದ್ದರೆ, ಅಕ್ಕಪಕ್ಕದ ಮನೆಯವರ ಮಾತು ಕೂಡ ಐದು ಹೆಜ್ಜೆ ಹೋಗಿ ಐದು ಹೆಜ್ಜೆ ಮರಳುತ್ತದೆ. ಪ್ರದೇಶಕ್ಕೊಂದು ಸರ್ವರ್ ಇಡುವುದರ ನಿಜವಾದ ಲಾಭ ಇಲ್ಲಿದೆ.

ಎರಡು ಸರ್ವರ್ ಇಟ್ಟೊಡನೆ ಅವು ತಾವಾಗಿ ಒಂದಾಗುತ್ತವೆ ಎಂಬ ನಂಬಿಕೆಯೂ ವ್ಯಾಪಕ. ವಾಸ್ತವದಲ್ಲಿ ಪ್ರತಿ ಸರ್ವರ್‌ಗೆ ಗೊತ್ತಿರುವುದು ತನ್ನಲ್ಲಿ ನೋಂದಾಯಿಸಿಕೊಂಡ ಫೋನುಗಳು ಮಾತ್ರ. ಅವುಗಳ ನಡುವೆ ಟ್ರಂಕ್ ಎಂಬ ಸಂಪರ್ಕ ಹಾಕಿ, 2ರಿಂದ ಶುರುವಾಗುವ ಸಂಖ್ಯೆಗಳು ಇಲ್ಲಿ, 3ರಿಂದ ಶುರುವಾಗುವವು ಅಲ್ಲಿ ಎಂದು ಕರೆಗಳ ದಾರಿ ಹೇಳುವ ಡಯಲ್ ಪ್ಲ್ಯಾನ್‌ನಲ್ಲಿ ಬರೆಯಬೇಕು. ಹೀಗೆ ಹಂಚಿಕೊಂಡಿದ್ದರೆ ನಡುವಿನ ಕೊಂಡಿ ಕಡಿದು ಜಾಲ ಎರಡು ಹೋಳಾದರೂ ಆಯಾ ಹೋಳಿನೊಳಗಿನ ಕರೆಗಳು ನಡೆಯುತ್ತವೆ. ತುರ್ತು ಜಾಲಕ್ಕೆ ಇದಕ್ಕಿಂತ ಮುಖ್ಯವಾದ ಗುಣ ಇನ್ನೊಂದಿಲ್ಲ.

ಒಂದು ಸರ್ವರ್ ಕೆಟ್ಟರೆ ಇನ್ನೊಂದು ಆ ಕ್ಷಣವೇ ಕೆಲಸ ವಹಿಸಿಕೊಳ್ಳುತ್ತದೆ ಎಂಬುದಕ್ಕೂ ಆಧಾರವಿಲ್ಲ. ಎರಡನೆಯದರ ವಿಳಾಸವನ್ನು ಫೋನಿನಲ್ಲಿ ಮೊದಲೇ ತುಂಬಿಸಿರಬೇಕು. ನೋಂದಣಿಯ ಅವಧಿ 3600 ಸೆಕೆಂಡ್ ಎಂದಿದ್ದರೆ, ಸರ್ವರ್ ಸತ್ತದ್ದು ಫೋನಿಗೆ ಗಂಟೆ ಹೊತ್ತು ತಿಳಿಯದೇ ಹೋಗಬಹುದು. ಅಷ್ಟರವರೆಗೆ ಒಳಬರುವ ಕರೆ ಇಲ್ಲ. ಅವಧಿಯನ್ನು ಕೆಲವೇ ನಿಮಿಷಗಳಿಗೆ ಇಳಿಸುವುದು ಒಳ್ಳೆಯದು. ಆಗಲೇ ನಡೆಯುತ್ತಿರುವ ಮಾತು ಫೋನಿನಿಂದ ಫೋನಿಗೆ ನೇರವಾಗಿದ್ದರೆ ಉಳಿಯುತ್ತದೆ, ಸರ್ವರ್ ಹಾದು ಹೋಗುತ್ತಿದ್ದರೆ ನಿಲ್ಲುತ್ತದೆ.

ಸರ್ವರ್ ಒಂದೂ ಇಲ್ಲದಿದ್ದರೆ ಫೋನು ನಿಷ್ಪ್ರಯೋಜಕ ಎಂಬುದು ಕೊನೆಯ ಕಲ್ಪನೆ. ಅನೇಕ ಸಿಪ್ ಫೋನುಗಳಲ್ಲಿ ಎದುರಿನ ಫೋನಿನ ಐಪಿ ವಿಳಾಸವನ್ನೇ ಒತ್ತಿ ಕರೆ ಮಾಡಬಹುದು. ಎಆರ್‌ಇಡಿಎನ್ ಬಳಕೆದಾರರಲ್ಲಿ ಈ ರೂಢಿಯಿದೆ. ಅದಕ್ಕಾಗಿ 10ರಿಂದ ಆರಂಭವಾಗುವ ಆ ವಿಳಾಸಗಳ ಪಟ್ಟಿಯನ್ನು ಮುದ್ರಿಸಿ ಫೋನಿನ ಪಕ್ಕದಲ್ಲೇ ಇಟ್ಟುಕೊಂಡಿರಬೇಕು.