ತಾಪಮಾಪಕ ಅಳೆಯುವುದು ಯಾವುದರ ತಾಪವನ್ನು?

ಚಳಿಗಾಲದ ಒಂದು ಬೆಳಗ್ಗೆ ತರಗತಿಯ ಬೆಂಚಿನ ಮರದ ಹಲಗೆಯನ್ನೂ ಅದರ ಕಬ್ಬಿಣದ ಕಾಲನ್ನೂ ಮುಟ್ಟಿ ನೋಡಿ. ಕಬ್ಬಿಣ ತಣ್ಣಗಿದೆ, ಮರ ಅಷ್ಟೊಂದು ತಣ್ಣಗಿಲ್ಲ ಎನ್ನುತ್ತೀರಿ. ಈಗ ಎರಡಕ್ಕೂ ಒಂದೊಂದು ತಾಪಮಾಪಕದ ಬುರುಡೆಯನ್ನು ತಾಗಿಸಿ, ಮೇಲೆ ಹತ್ತಿ ಮುಚ್ಚಿ, ಸ್ವಲ್ಪ ಹೊತ್ತು ಬಿಡಿ. ಎರಡೂ ತೋರಿಸುವ ತಾಪ ಒಂದೇ! ರಾತ್ರಿಯಿಡೀ ಒಂದೇ ಕೋಣೆಯಲ್ಲಿದ್ದ ಮರ ಮತ್ತು ಕಬ್ಬಿಣ ಕೋಣೆಯ ತಾಪವನ್ನೇ ಪಡೆದಿವೆ. ಹಾಗಾದರೆ ನಿಮ್ಮ ಕೈ ಸುಳ್ಳು ಹೇಳಿತೇ?

ಇಲ್ಲ, ಅದು ಬೇರೊಂದು ಪ್ರಶ್ನೆಗೆ ಉತ್ತರ ಹೇಳಿತು. ಕೈ ಕೋಣೆಗಿಂತ ಬೆಚ್ಚಗಿರುವುದರಿಂದ ಉಷ್ಣ ಕೈಯಿಂದ ಹೊರಕ್ಕೆ ಹರಿಯುತ್ತದೆ. ಕಬ್ಬಿಣ ಉತ್ತಮ ಉಷ್ಣವಾಹಕ. ಅದು ಉಷ್ಣವನ್ನು ಬೇಗ ಸೆಳೆದುಕೊಳ್ಳುತ್ತದೆ, ಚರ್ಮ ಬೇಗ ತಣ್ಣಗಾಗುತ್ತದೆ. ಮರ ನಿಧಾನವಾಗಿ ಸೆಳೆಯುತ್ತದೆ. ಚರ್ಮದ ನರಗಳು ಗ್ರಹಿಸುವುದು ಈ ಬದಲಾವಣೆಯನ್ನು. ತಣ್ಣೀರಿನಲ್ಲಿ ಪಾತ್ರೆ ತೊಳೆದು ಬಂದ ತಾಯಿಗೆ ಮಗುವಿನ ಹಣೆ ಇರುವುದಕ್ಕಿಂತ ಬಿಸಿಯಾಗಿ ತೋರುವುದೂ ಇದರಿಂದಲೇ.

ಉಷ್ಣ ಸಮತೋಲ

ಬೇರೆ ಬೇರೆ ತಾಪದ ಎರಡು ವಸ್ತುಗಳನ್ನು ತಾಗಿಸಿಟ್ಟರೆ ಬಿಸಿಯಾದದ್ದು ಆರುತ್ತದೆ, ತಣ್ಣಗಿರುವುದು ಬಿಸಿಯಾಗುತ್ತದೆ. ಕೆಲಕಾಲದ ನಂತರ ಯಾವ ಬದಲಾವಣೆಯೂ ಕಾಣುವುದಿಲ್ಲ. ಇದೇ ಉಷ್ಣ ಸಮತೋಲ. ಈ ಸ್ಥಿತಿಯಲ್ಲಿ ಅಣುಗಳ ಚಲನೆ ನಿಂತಿರುವುದಿಲ್ಲ; ಸಂಪರ್ಕದ ಮೇಲ್ಮೈಯಲ್ಲಿ ಎರಡೂ ಕಡೆಗೆ ಶಕ್ತಿಯ ವಿನಿಮಯ ನಡೆದೇ ಇರುತ್ತದೆ. ಆದರೆ ಸರಾಸರಿಯಲ್ಲಿ ಕೊಟ್ಟದ್ದು, ಪಡೆದದ್ದು ಸಮವಾಗಿರುತ್ತದೆ.

ಈಗ ಒಂದು ಮುಖ್ಯ ಸಂಗತಿಯನ್ನು ಗಮನಿಸಿ. ತಾಪಮಾಪಕ ತೋರಿಸುವುದು ತನ್ನದೇ ತಾಪವನ್ನು! ಪಾದರಸದ ಎತ್ತರ ಪಾದರಸದ ತಾಪವನ್ನಷ್ಟೇ ಹೇಳಬಲ್ಲದು. ಅದನ್ನು ನೀರಿನ ತಾಪವೆಂದೋ ರೋಗಿಯ ತಾಪವೆಂದೋ ಓದಲು ನಮಗಿರುವ ಅಧಿಕಾರವೇನು?

ಶೂನ್ಯ ನಿಯಮ

ಆ ಅಧಿಕಾರವನ್ನು ಕೊಡುವುದು ಉಷ್ಣಗತಿವಿಜ್ಞಾನದ ಶೂನ್ಯ ನಿಯಮ. 'ಅ' ಮತ್ತು 'ಬ' ಎಂಬ ಎರಡು ವಸ್ತುಗಳು 'ಕ' ಎಂಬ ಮೂರನೆಯ ವಸ್ತುವಿನೊಡನೆ ಪ್ರತ್ಯೇಕವಾಗಿ ಉಷ್ಣ ಸಮತೋಲದಲ್ಲಿದ್ದರೆ, 'ಅ' ಮತ್ತು 'ಬ' ಕೂಡ ಪರಸ್ಪರ ಉಷ್ಣ ಸಮತೋಲದಲ್ಲಿರುತ್ತವೆ. ಇಲ್ಲಿ 'ಕ' ಎಂಬುದೇ ತಾಪಮಾಪಕ.

'ಇದರಲ್ಲೇನು ವಿಶೇಷ? ಇದು ಸಹಜವಲ್ಲವೇ?' ಎಂದು ವಿದ್ಯಾರ್ಥಿಗಳು ಕೇಳಬಹುದು. ಅವರ ಮುಂದೆ ಒಂದು ಕಾಂತ ಮತ್ತು ಎರಡು ಮೆದು ಕಬ್ಬಿಣದ ಮೊಳೆಗಳನ್ನಿಡಿ. ಕಾಂತ ಪ್ರತಿ ಮೊಳೆಯನ್ನೂ ಆಕರ್ಷಿಸುತ್ತದೆ. ಆದರೆ ಕಾಂತವನ್ನು ದೂರವಿಟ್ಟರೆ ಮೊಳೆಗಳು ಒಂದನ್ನೊಂದು ಆಕರ್ಷಿಸುವುದಿಲ್ಲ. ಮೂರನೆಯದರೊಡನೆ ಇರುವ ಸಂಬಂಧ ತಮ್ಮೊಳಗೂ ಇರಬೇಕೆಂಬ ಕಟ್ಟುಪಾಡು ತರ್ಕದಲ್ಲಿಲ್ಲ. ಉಷ್ಣ ಸಮತೋಲದಲ್ಲಿ ಅದು ನಿಜವಾಗಿರುವುದು ನಿಸರ್ಗದ ಸಂಗತಿ, ಪ್ರಯೋಗದಿಂದ ತಿಳಿದದ್ದು. ಆದ್ದರಿಂದಲೇ ಅದು ನಿಯಮ. ಒಂದನೆಯ, ಎರಡನೆಯ ನಿಯಮಗಳು 19ನೇ ಶತಮಾನದಲ್ಲೇ ನೆಲೆಗೊಂಡಿದ್ದವು. ಅವೆರಡಕ್ಕೂ ಇದು ತಳಹದಿ ಎಂದು ತಡವಾಗಿ ಮನಗಂಡದ್ದರಿಂದ, 1930ರ ದಶಕದಲ್ಲಿ ಇದಕ್ಕೆ 'ಶೂನ್ಯ' ಎಂಬ ಸಂಖ್ಯೆ ಬಂತು.

ಅಂಕಿ ಬಂದ ಬಗೆ

ಶೂನ್ಯ ನಿಯಮ 'ಸಮ' ಯಾವುದೆಂದು ಹೇಳುತ್ತದೆ. ಎಷ್ಟು ಡಿಗ್ರಿ ಎಂದು ಹೇಳುವುದಿಲ್ಲ. ಅದಕ್ಕೆ ತಾಪದೊಡನೆ ಬದಲಾಗುವ ಒಂದು ಗುಣ ಮತ್ತು ಸ್ಥಿರ ಬಿಂದುಗಳು ಬೇಕು. 1742ರಲ್ಲಿ ಸ್ವೀಡನ್ನಿನ ಆಂಡರ್ಸ್ ಸೆಲ್ಸಿಯಸ್ ನೀರು ಹೆಪ್ಪುಗಟ್ಟುವ ಮತ್ತು ಕುದಿಯುವ ಬಿಂದುಗಳ ನಡುವೆ 100 ಭಾಗ ಮಾಡಿದ. ಅವನ ಮಾನದಲ್ಲಿ ಕುದಿಬಿಂದು 0, ಹೆಪ್ಪುಬಿಂದು 100 ಆಗಿತ್ತು. ಅದನ್ನು ತಿರುಗಿಸಿದ್ದು ನಂತರ.

ಗುಣದ ಆಯ್ಕೆಯಲ್ಲಿ ಎಚ್ಚರ ಬೇಕು. ಪಾದರಸದ ಬದಲು ನೀರನ್ನೇ ತುಂಬಿದರೆ? ನೀರಿನ ಸಾಂದ್ರತೆ ಸುಮಾರು 4 ಡಿಗ್ರಿ ಸೆಲ್ಸಿಯಸ್‌ನಲ್ಲಿ ಗರಿಷ್ಠ. ಹೀಗಾಗಿ 2 ಡಿಗ್ರಿಯಲ್ಲೂ 6 ಡಿಗ್ರಿಯಲ್ಲೂ ಅದರ ಗಾತ್ರ ಹೆಚ್ಚುಕಡಿಮೆ ಒಂದೇ. ಅಂಥ ಮಾಪಕ ಎರಡನ್ನೂ ಸಮವೆಂದೀತು. ಆದರೆ ಆ ಎರಡು ವಸ್ತುಗಳನ್ನು ತಾಗಿಸಿದರೆ ಉಷ್ಣ ಹರಿದೇ ಹರಿಯುತ್ತದೆ. ಇತರ ದ್ರವಗಳ ಹಿಗ್ಗುವಿಕೆಯೂ ಪೂರ್ತಿ ಏಕರೂಪವಲ್ಲ.

ಯಾವ ವಸ್ತುವನ್ನೂ ಅವಲಂಬಿಸದ ನಿರಪೇಕ್ಷ ಮಾನವನ್ನು ವಿಲಿಯಂ ಥಾಮ್ಸನ್ (ಮುಂದೆ ಲಾರ್ಡ್ ಕೆಲ್ವಿನ್) 1848ರಲ್ಲಿ ಸೂಚಿಸಿದ. ಮಂಜುಗಡ್ಡೆ, ನೀರು, ಆವಿ ಮೂರೂ ಸಮತೋಲದಲ್ಲಿರುವ ನೀರಿನ ತ್ರಿಕಬಿಂದುವನ್ನು 1954ರಲ್ಲಿ 273.16 ಕೆಲ್ವಿನ್ ಎಂದು ನಿಗದಿ ಮಾಡಲಾಯಿತು. 2019ರ ಮೇ 20ರಿಂದ ಕೆಲ್ವಿನ್‌ನ ವ್ಯಾಖ್ಯೆ ನೀರನ್ನೂ ಬಿಟ್ಟು, ಬೋಲ್ಟ್ಸ್‌ಮನ್ ಸ್ಥಿರಾಂಕದ ಬೆಲೆಯ ಮೇಲೆ ನಿಂತಿದೆ.

ಅಳೆಯುವಾಗ ಎಚ್ಚರ

ತಾಪಮಾಪಕವೂ ಉಷ್ಣವನ್ನು ಹೀರುತ್ತದೆ. 80 ಡಿಗ್ರಿಯ 10 ಗ್ರಾಂ ನೀರಿನಲ್ಲಿ 25 ಡಿಗ್ರಿಯ ತಾಪಮಾಪಕವನ್ನು ಅದ್ದಿದಿರಿ ಎನ್ನೋಣ. ಅದರ ಉಷ್ಣಧಾರಕತೆ 1 ಗ್ರಾಂ ನೀರಿನಷ್ಟಿದ್ದರೆ, ಸಮತೋಲದ ತಾಪ (10×80 + 1×25) ÷ 11, ಅಂದರೆ 75 ಡಿಗ್ರಿ. ಅಳೆಯಹೋಗಿ 5 ಡಿಗ್ರಿ ಕಳೆದೆವು! ಒಂದು ಕಿಲೋಗ್ರಾಂ ನೀರಿನಲ್ಲಾದರೆ ಈ ವ್ಯತ್ಯಾಸ ಸುಮಾರು 0.05 ಡಿಗ್ರಿ ಮಾತ್ರ.

ಇನ್ನೊಂದು ಎಚ್ಚರ ಕಾಲದ್ದು. 19ನೇ ಶತಮಾನದ ನಡುವಿನಲ್ಲಿ ವೈದ್ಯರ ತಾಪಮಾಪಕ ಸುಮಾರು ಒಂದು ಅಡಿ ಉದ್ದವಿತ್ತು; ರೋಗಿಯೊಡನೆ ಸಮತೋಲಕ್ಕೆ ಬರಲು ಸುಮಾರು 20 ನಿಮಿಷ ಬೇಕಿತ್ತು. 1860ರ ದಶಕದಲ್ಲಿ ಇಂಗ್ಲೆಂಡಿನ ವೈದ್ಯ ಥಾಮಸ್ ಕ್ಲಿಫರ್ಡ್ ಆಲ್ಬಟ್ ಅದನ್ನು ಚಿಕ್ಕದಾಗಿಸಿ ಐದು ನಿಮಿಷಕ್ಕೆ ಇಳಿಸಿದ. ಚಿಕ್ಕ ಮಾಪಕಕ್ಕೆ ಬೇಕಾದ ಉಷ್ಣವೂ ಕಡಿಮೆಯಲ್ಲವೇ?

ಮಗುವಿನ ಕಂಕುಳಲ್ಲಿಟ್ಟ ತಾಪಮಾಪಕವನ್ನು ಅವಸರದಿಂದ ತೆಗೆದರೆ ಆಗುವ ತಪ್ಪು ಒಂದೇ ದಿಕ್ಕಿನದು: ಕೆಳಗಿನಿಂದ ಏರುತ್ತಿರುವ ಮಾಪಕ ಜ್ವರವನ್ನು ಕಡಿಮೆ ತೋರಿಸುತ್ತದೆ, ನಾವು ಸಮಾಧಾನಪಟ್ಟುಕೊಳ್ಳುತ್ತೇವೆ. ಡಿಜಿಟಲ್ ತಾಪಮಾಪಕ ಸದ್ದು ಮಾಡುವವರೆಗೆ ತೆಗೆಯಬಾರದು ಎನ್ನುವುದೂ ಇದಕ್ಕೇ.

ಬಿಸಿನೀರಿನಲ್ಲಿ ಪ್ರಯೋಗಶಾಲಾ ತಾಪಮಾಪಕವಿಟ್ಟು ಹತ್ತು ಹತ್ತು ಸೆಕೆಂಡಿಗೊಮ್ಮೆ ಅದರ ಓದನ್ನು ಬರೆಸಿ, ನಕ್ಷೆ ಎಳೆಸಿ. ರೇಖೆ ಮೊದಲು ಕಡಿದಾಗಿ ಏರಿ, ಬರಬರುತ್ತಾ ಬಾಗಿ, ತುದಿಯಲ್ಲಿ ಏರಿಕೆ ನಿಲ್ಲುತ್ತದೆ. ನೀರು ಆರುತ್ತಾ ಹೋದಂತೆ ನಿಧಾನವಾಗಿ ಇಳಿಯಲೂಬಹುದು. ಏರುತ್ತಿರುವಾಗ ಮಾಪಕ ಹೇಳುತ್ತಿದ್ದುದು ತನ್ನ ಕತೆಯನ್ನು. ಏರಿಕೆ ನಿಂತ ಮೇಲೆ ಅದು ಹೇಳುವುದು ನೀರಿನ ಕತೆಯನ್ನು.