ಮರ್ಸೆನ್ ಪಟ್ಟಿಯ ಅರವತ್ತೇಳು

67 ಎರಡುಗಳನ್ನು ಒಂದಕ್ಕೊಂದು ಗುಣಿಸಿ ಬಂದ ಲಬ್ಧದಿಂದ ಒಂದನ್ನು ಕಳೆದರೆ ಸಿಗುವ 147573952589676412927 ಎಂಬ 21 ಅಂಕಿಗಳ ಸಂಖ್ಯೆಯನ್ನು ದ್ವಿಮಾನ ಪದ್ಧತಿಯಲ್ಲಿ ಬರೆದರೆ, ಎಲ್ಲಿಯೂ ಸೊನ್ನೆಯಿಲ್ಲದೆ 67 ಒಂದುಗಳೇ ಸಾಲಾಗಿ ನಿಲ್ಲುತ್ತವೆ. ಎರಡರ ಘಾತಕ್ಕಿಂತ ಒಂದು ಕಡಿಮೆಯಿರುವ ಇಂಥ ಸಂಖ್ಯೆಗಳಿಗೆ ಮರ್ಸೆನ್ ಸಂಖ್ಯೆಗಳೆಂದು ಹೆಸರು. ಪ್ಯಾರಿಸ್‌ನ ಪಾದ್ರಿ ಮರಿನ್ ಮರ್ಸೆನ್ 1644ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ, 257ರವರೆಗಿನ ಘಾತಾಂಕಗಳ ಪೈಕಿ 2, 3, 5, 7, 13, 17, 19, 31, 67, 127 ಮತ್ತು 257 ಮಾತ್ರ ಅವಿಭಾಜ್ಯವನ್ನು, ಅಂದರೆ ಒಂದು ಮತ್ತು ತನ್ನನ್ನು ಬಿಟ್ಟರೆ ಬೇರಾವ ಸಂಖ್ಯೆಯಿಂದಲೂ ನಿಶ್ಶೇಷವಾಗಿ ಭಾಗವಾಗದ ಸಂಖ್ಯೆಯನ್ನು, ಕೊಡುತ್ತವೆಂದು ಸಾರಿದನು. ಸಾಧನೆಯನ್ನು ಮಾತ್ರ ಕೊಡಲಿಲ್ಲ.

ಫ್ರಾನ್ಸಿನ ಎದುವಾರ್ ಲ್ಯೂಕಾ 1876ರಲ್ಲಿ, ತಾನು ರೂಪಿಸಿದ ಪರೀಕ್ಷೆಯಿಂದ, ಈ ಪಟ್ಟಿಯ 67 ತಪ್ಪೆಂದೂ ಅದು ಕೊಡುವ ಸಂಖ್ಯೆ ಸಂಯುಕ್ತವೆಂದೂ ತೋರಿಸಿದನು. ಆದರೆ ಆ ಪರೀಕ್ಷೆ ಸಂಖ್ಯೆ ಒಡೆಯುತ್ತದೆಂದು ಹೇಳುತ್ತದೆಯೇ ಹೊರತು ಯಾವ ಅಪವರ್ತನಗಳಾಗಿ ಒಡೆಯುತ್ತದೆಂದು ಹೇಳುವುದಿಲ್ಲ. ಸಾಮಾನ್ಯ ಓದುಗರಿಗೆ ವಿಚಿತ್ರವೆನಿಸುವ ಈ ಅಂತರವೇ ಈ ಸಂಖ್ಯೆಯ ಕಥೆಯ ತಿರುಳು.

ಅಪವರ್ತನಗಳನ್ನು ಹುಡುಕುವವರಿಗೆ ಎರಡು ಕಟ್ಟುಪಾಡುಗಳು ನೆರವಾಗುತ್ತಿದ್ದವು: ಪ್ರತಿಯೊಂದು ಅಪವರ್ತನವೂ 134ರ ಗುಣಕಕ್ಕೆ ಒಂದನ್ನು ಕೂಡಿಸಿದ ರೂಪದಲ್ಲಿರಬೇಕು, ಮತ್ತು ಎಂಟರಿಂದ ಭಾಗಿಸಿದಾಗ ಒಂದು ಅಥವಾ ಏಳನ್ನೇ ಶೇಷವಾಗಿ ಉಳಿಸಬೇಕು. ಆದರೂ 135, 269, 403 ಎಂದು ಸಾಗುವ ಆ ಸಾಲಿನಲ್ಲಿ ಚಿಕ್ಕ ಅಪವರ್ತನವು ಸಿಗುವುದು 14,45,580ನೆಯ ಸ್ಥಾನದಲ್ಲಿ. ಕೈಲೆಕ್ಕದ ಕಾಲದಲ್ಲಿ ಒಂದೊಂದನ್ನೇ ಭಾಗಿಸಿ ನೋಡುವುದು ಆಗದ ಮಾತಾಗಿತ್ತು. ಕೊಲಂಬಿಯಾ ವಿಶ್ವವಿದ್ಯಾಲಯದ ಫ್ರಾಂಕ್ ನೆಲ್ಸನ್ ಕೋಲ್, ವರ್ಗಸಂಖ್ಯೆಗಳು ಉಳಿಸುವ ಶೇಷಗಳ ನೆರವಿನಿಂದ ಈ ಸಾಲನ್ನು ಸೋಸುತ್ತ ಹೋಗಿ, 1903ರ ಅಕ್ಟೋಬರ್ 31ರಂದು ನ್ಯೂಯಾರ್ಕಿನಲ್ಲಿ ನಡೆದ ಅಮೆರಿಕನ್ ಗಣಿತ ಸಂಘದ ಸಭೆಯಲ್ಲಿ 193707721 ಮತ್ತು 761838257287 ಎಂಬ ಎರಡು ಅಪವರ್ತನಗಳನ್ನು ಮುಂದಿಟ್ಟನು. ಅವನು ಒಂದು ಮಾತನ್ನೂ ಆಡದೆ ಹಲಗೆಯ ಮೇಲೆ ಗುಣಾಕಾರ ಮಾಡಿ ತೋರಿಸಿದನೆಂದು ಗಣಿತಜ್ಞ-ಲೇಖಕ ಇ. ಟಿ. ಬೆಲ್ ಬರೆದಿದ್ದಾನೆ; ಬೆಲ್ ಕಥೆಗಳಿಗೆ ಬಣ್ಣ ಕಟ್ಟುವುದರಲ್ಲಿ ನಿಸ್ಸೀಮನಾದ್ದರಿಂದ ಇದನ್ನು ತುಸು ಎಚ್ಚರದಿಂದಲೇ ಓದಬೇಕು.

ಎರಡೂ ಅಪವರ್ತನಗಳು ಅವಿಭಾಜ್ಯಗಳೇ ಆದ್ದರಿಂದ ಈ ಸಂಖ್ಯೆಯನ್ನು ಅರೆ-ಅವಿಭಾಜ್ಯಗಳ ವರ್ಗಕ್ಕೆ ಸೇರಿಸುತ್ತಾರೆ. ತನ್ನನ್ನು ಬಿಟ್ಟು ಉಳಿದ ಭಾಜಕಗಳ ಮೊತ್ತ, ಅಂದರೆ 762031965009, ತನಗಿಂತ ಬಹಳ ಕಡಿಮೆಯಾದ್ದರಿಂದ ಇದು ಕೊರತೆಯ ಸಂಖ್ಯೆಯೂ ಹೌದು. ಜೊತೆಗೆ ಇದು ಹುಸಿ-ಅವಿಭಾಜ್ಯ: ಎರಡನ್ನು ಆಧಾರವಾಗಿಟ್ಟ ಫರ್ಮಾ ಪರೀಕ್ಷೆಯಲ್ಲಿ ನಿಜವಾದ ಅವಿಭಾಜ್ಯದಂತೆಯೇ ತೇರ್ಗಡೆಯಾಗಿ ಪರೀಕ್ಷಕರ ಕಣ್ಣಿಗೆ ಮಣ್ಣೆರಚುತ್ತದೆ.

ಮರ್ಸೆನ್ನನ ಪಟ್ಟಿಯಲ್ಲಿ 257 ಕೂಡ ತಪ್ಪಾಗಿ ಸೇರಿತ್ತು. 61, 89 ಮತ್ತು 107 ಬಿಟ್ಟುಹೋಗಿದ್ದವು. ಕೋಲನ ಅಪವರ್ತನಗಳನ್ನು ಇಂದು ಸಾಧಾರಣ ಕಂಪ್ಯೂಟರ್ ಕ್ಷಣಾರ್ಧದಲ್ಲಿ ಕೊಡುತ್ತದೆ. ಆದರೆ ಘಾತಾಂಕ 1277 ಆಗಿರುವ 385 ಅಂಕಿಗಳ ಮರ್ಸೆನ್ ಸಂಖ್ಯೆ ಸಂಯುಕ್ತವೆಂದು ಸಿದ್ಧವಾಗಿದ್ದರೂ ಅದರ ಒಂದು ಅಪವರ್ತನವೂ ಇದುವರೆಗೆ ದೊರೆತಿಲ್ಲ.