ಠಾಣೆಯ ಖಾತೆಯೂ ನಗರದ ಕ್ಷೇಮವೂ

ದೇಶದ ಮಹಾನಗರಗಳಲ್ಲೆಲ್ಲ ನಮ್ಮೀ ಕಲ್ಕತ್ತೆಯೇ ಅತ್ಯಂತ ಸುರಕ್ಷಿತವೆಂದು ಮತ್ತೊಮ್ಮೆ ಸಾರಲಾಗಿದೆ. ಇದಕ್ಕೆ ಆಧಾರ ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೊ ಪ್ರಕಟಿಸಿದ ಲೆಕ್ಕ. 2023ನೆಯ ಇಸವಿಯ ಈ ಲೆಕ್ಕವು ಹೊರಬಿದ್ದುದು 2025ರ ಸೆಪ್ಟೆಂಬರಿನಲ್ಲಿ. ಅದರ ಪ್ರಕಾರ ಲಕ್ಷ ಜನಕ್ಕೆ ಕಲ್ಕತ್ತೆಯಲ್ಲಿ ದಾಖಲಾದ ಅಪರಾಧಗಳು 83.9. ಹೈದರಾಬಾದಿನಲ್ಲಿ 332.3, ಪುಣೆಯಲ್ಲಿ 337.1, ಮುಂಬಯಿಯಲ್ಲಿ 355.4. ಹೊಟ್ಟೆಪಾಡಿಗಾಗಿ ಈ ಊರನ್ನು ನಂಬಿ ಬಂದ ನಮ್ಮವರಿಗೆ ಇದು ಸಂತೋಷದ ವಾರ್ತೆಯೇ ಸರಿ. ಆದರೆ ಗಲ್ಲಾಪೆಟ್ಟಿಗೆಯ ಮುಂದೆ ವರ್ಷಗಟ್ಟಲೆ ಕುಳಿತ ನಮಗೆ ಒಂದು ಅಭ್ಯಾಸ ಅಂಟಿಕೊಂಡಿದೆ. ಮೊತ್ತವನ್ನು ಕಂಡೊಡನೆ ಬಿಲ್ಲುಗಳೆಲ್ಲವೂ ಸೇರಿವೆಯೇ ಎಂದು ಕೇಳುತ್ತೇವೆ.

ಮೊದಲು ಭಾಗಿಸಿದ ಸಂಖ್ಯೆಯನ್ನು ನೋಡೋಣ. ಬ್ಯೂರೊದವರು ಕಲ್ಕತ್ತೆಗೆ ಹಿಡಿದಿರುವ ಜನಸಂಖ್ಯೆ 141.1 ಲಕ್ಷ. ಇದು 2011ರ ಜನಗಣತಿಯದು. 2021ರ ಗಣತಿ ನಡೆಯಲಿಲ್ಲವಾಗಿ ಅದೇ ಹಳೆಯ ಸಂಖ್ಯೆ ಚಲಾವಣೆಯಲ್ಲಿದೆ. ಅದೂ ನಗರದ ಜನಸಂಖ್ಯೆಯಲ್ಲ, ಹೌರಾ ಮೊದಲಾದ ಸುತ್ತಣ ಊರುಗಳೆಲ್ಲ ಸೇರಿದ ಮಹಾನಗರ ಪ್ರದೇಶದ್ದು. ಅದೇ ಗಣತಿಯಲ್ಲಿ ಕಲ್ಕತ್ತೆಯ ನಗರಸಭೆಯ ಮೇರೆಯೊಳಗಿದ್ದವರು ಸುಮಾರು 45 ಲಕ್ಷ ಮಾತ್ರ. ಹೌರಾಕ್ಕೆ 2011ರಿಂದ, ಬಿಧಾನನಗರಕ್ಕೂ ಬ್ಯಾರಕ್‌ಪುರಕ್ಕೂ 2012ರಿಂದ ಬೇರೆಯೇ ಪೋಲೀಸ್ ಕಮಿಷನರಿದ್ದಾರೆ. ಅಲ್ಲಿಯ ಜನರನ್ನು ಭಾಗಿಸುವುದಕ್ಕೆ ಸೇರಿಸಿಕೊಂಡಾಗ ಅಲ್ಲಿಯ ಕಳವುಗಳನ್ನೂ ಕೂಡಿಸುವುದಕ್ಕೆ ಸೇರಿಸಿಕೊಂಡಿದ್ದಾರೆಯೇ ಎಂದು ಕೇಳುವುದು ಓದುಗನ ಹಕ್ಕು. ಹತ್ತು ಮಂದಿ ಉಂಡ ಖರ್ಚನ್ನು ಮೂವತ್ತು ಎಲೆಗಳಿಗೆ ಹಂಚಿದರೆ ಊಟ ಅಗ್ಗವಾಗಿಯೇ ಕಾಣುತ್ತದೆ.

ಹಾಗೆಂದು ಊರು ಕೆಟ್ಟದೆಂದು ನಾವು ಹೇಳುತ್ತಿಲ್ಲ. ಕೊಲೆಯ ಲೆಕ್ಕವನ್ನು ಮುಚ್ಚಿಡುವುದು ಕಷ್ಟ. ಹೆಣವನ್ನು ಕಳೆದುಹೋದ ವಸ್ತುವೆಂದು ಬರೆಯಲಾಗದಷ್ಟೆ! 2021ರಿಂದ 2023ರವರೆಗೆ ಯಾವ ವರ್ಷವೂ ಇಲ್ಲಿಯ ಕೊಲೆಗಳು ನೂರನ್ನು ಮುಟ್ಟಿಲ್ಲ. ಇಷ್ಟು ದೊಡ್ಡ ಊರಿಗೆ ಇದು ಹೆಮ್ಮೆಯ ಸಂಗತಿ. ರಾತ್ರಿ ಹನ್ನೊಂದಕ್ಕೆ ಹೋಟೆಲು ತೊಳೆದು ಲೇಕ್ ಮಾರ್ಕೆಟ್ಟಿನಿಂದ ಕೊಠಡಿಗೆ ನಡೆದುಹೋಗುವ ನಮ್ಮ ಹುಡುಗರಿಗೆ ಇದನ್ನು ಯಾರೂ ಹೇಳಿಕೊಡಬೇಕಾಗಿಲ್ಲ. ಸಂಶಯವಿರುವುದು ಕಳವಿನ ಲೆಕ್ಕದಲ್ಲಿ.

ನಾವು ಹೋಟೆಲು ನಡೆಸುತ್ತಿದ್ದ ದಿನಗಳಲ್ಲಿ ಕುಂದಾಪುರದ ಕಡೆಯ ಒಬ್ಬ ಸಪ್ಲೈಯರನ ಪೆಟ್ಟಿಗೆಯ ಬೀಗ ಮುರಿದು ಎರಡು ತಿಂಗಳ ಸಂಬಳವನ್ನೂ ಮೊಬೈಲನ್ನೂ ಯಾರೋ ಒಯ್ದರು. ಅವನನ್ನು ಕರೆದುಕೊಂಡು ಠಾಣೆಗೆ ಹೋದೆವು. ಮೇಜಿನ ಹಿಂದಿದ್ದವರು ಸೌಜನ್ಯದಿಂದಲೇ ಮಾತನಾಡಿದರು. ಮೊಬೈಲು ಕಳೆದುಹೋಗಿದೆಯೆಂದು ಬರೆದುಕೊಟ್ಟರೆ ಜಿ.ಡಿ. ನಂಬರು ಈಗಲೇ ಸಿಗುವುದು, ಸಂಜೆಯೊಳಗೆ ಹೊಸ ಸಿಮ್ಮೂ ಬರುವುದು. ಕಳವೆಂದರೆ ನಾಲ್ಕು ದಿನ ಓಡಾಡಬೇಕಾದೀತು ಎಂದರು. ಹುಡುಗನಿಗೆ ಬೆಳಗಿನ ಐದಕ್ಕೆ ಕೆಲಸ. "ಸಿಮ್ಮು ಸಿಕ್ಕಿದರೆ ಸಾಕು ಸಾವ್ಕಾರ್ರೇ" ಎಂದ. ಬಂಗಾಳಿಯಲ್ಲಿ 'ಚುರಿ' ಎಂದರೆ ಕಳವು, 'ಹಾರಿಯೇ ಗೇಛೆ' ಎಂದರೆ ಕಳೆದುಹೋಯಿತು. ಎರಡನೆಯ ಮಾತೇ ಜನರಲ್ ಡೈರಿಯಲ್ಲಿ ಉಳಿಯಿತು. ಡೈರಿಯಲ್ಲಿ ಉಳಿದದ್ದು ದೆಹಲಿಯ ಅಂಕಿಗೆ ಸೇರುವುದಿಲ್ಲ. ಅಲ್ಲಿ ಸೇರುವುದು ಪ್ರಥಮ ವರ್ತಮಾನ ವರದಿ, ಅಂದರೆ ಎಫ್.ಐ.ಆರ್. ಮಾತ್ರ. ಆ ಹುಡುಗನ ಎರಡು ತಿಂಗಳ ದುಡಿಮೆ ಯಾವ ವರ್ಷದ ಲೆಕ್ಕದಲ್ಲಿಯೂ ಇಲ್ಲ.

ಬರೆಯುವ ಕ್ರಮ ಬದಲಾದರೆ ಅಂಕಿ ಹೇಗೆ ಜಿಗಿಯುತ್ತದೆಂಬುದಕ್ಕೆ ದೆಹಲಿಯೇ ಸಾಕ್ಷಿ. ಅಲ್ಲಿ 2013ರಲ್ಲಿ ಸುಮಾರು 80 ಸಾವಿರವಿದ್ದ ದಂಡಸಂಹಿತೆಯ ಪ್ರಕರಣಗಳು ಮರುವರ್ಷ 1,55,000ವನ್ನು ದಾಟಿದವು. ಒಂದೇ ವರ್ಷದಲ್ಲಿ ದೆಹಲಿಯ ಜನ ಇಮ್ಮಡಿ ದುಷ್ಟರಾಗಲಿಲ್ಲ; ಠಾಣೆಗಳು ದೂರುಗಳನ್ನು ಬರೆದುಕೊಳ್ಳತೊಡಗಿದವು. ದಾಖಲೆ ಹೆಚ್ಚುವುದು ಬೇರೆ, ಅಪರಾಧ ಹೆಚ್ಚುವುದು ಬೇರೆ ಎಂದು ಬ್ಯೂರೊದವರೇ ತಮ್ಮ ವರದಿಯಲ್ಲಿ ಎಚ್ಚರಿಸಿದ್ದಾರೆ. ಇಂಗ್ಲೆಂಡಿನಂಥ ದೇಶದಲ್ಲಿಯೂ 2014ರ ತನಿಖೆಯಿಂದ, ಪೋಲೀಸರಿಗೆ ತಿಳಿಸಿದ ಐದು ಅಪರಾಧಗಳಲ್ಲಿ ಸುಮಾರು ಒಂದು ಖಾತೆಗೇ ಏರುತ್ತಿರಲಿಲ್ಲವೆಂದು ಹೊರಬಿದ್ದಿತು. ಆದರೆ ಅಲ್ಲಿ 1982ರಿಂದ ಮನೆಮನೆಗೆ ಹೋಗಿ ನಿಮಗೇನು ನಷ್ಟವಾಯಿತೆಂದು ಕೇಳುವ ಬೇರೊಂದು ಸಮೀಕ್ಷೆ ಇದೆ. ಠಾಣೆಯ ಅಂಕಿಯನ್ನು ಅದರೊಡನೆ ತಾಳೆ ನೋಡಬಹುದು. ನಮ್ಮ ಸರಕಾರವೂ ಅಂಥ ಸಮೀಕ್ಷೆಯನ್ನು ವರ್ಷಂಪ್ರತಿ ನಡೆಸಬೇಕೆಂಬುದೇ ನಮ್ಮ ಅಭಿಪ್ರಾಯ.

ಅಂಕಿಯ ಹಟವೇಕೆಂದು ವಾಚಕರು ಕೇಳಬಹುದು. ಅಂಕಿಯನ್ನು ಮುಂದಿಟ್ಟುಕೊಂಡೇ ಕಾನೂನನ್ನು ತಿದ್ದುತ್ತಾರೆ. ಕರ್ನಾಟಕ ಹೈಕೋರ್ಟಿನ ಮುಖ್ಯ ನ್ಯಾಯಾಧೀಶರಾಗಿದ್ದ ವಿ. ಎಸ್. ಮಳಿಮಠರ ಅಧ್ಯಕ್ಷತೆಯಲ್ಲಿ 2000ದಲ್ಲಿ ನೇಮಕವಾದ ಸಮಿತಿಯು 2003ರಲ್ಲಿ ವರದಿಯನ್ನೊಪ್ಪಿಸಿತು. ಶಿಕ್ಷೆಯಾಗುವ ಪ್ರಮಾಣ ತೀರ ಕಡಿಮೆ, ಆದಕಾರಣ ರುಜುವಾತಿನ ಅಳತೆಯನ್ನು ಕೊಂಚ ಸಡಿಲಿಸಬೇಕೆಂದೂ, ಹಿರಿಯ ಪೋಲೀಸ್ ಅಧಿಕಾರಿಯ ಮುಂದಿನ ತಪ್ಪೊಪ್ಪಿಗೆಯನ್ನು ಸಾಕ್ಷ್ಯವೆಂದು ಒಪ್ಪಬೇಕೆಂದೂ ಅದು ಸೂಚಿಸಿತು. ಮಳಿಮಠರ ಪಾಂಡಿತ್ಯಕ್ಕೆ ನಾವು ತಲೆಬಾಗುತ್ತೇವೆ. ಆದರೂ ಈ ಸಲಹೆಯನ್ನು ಒಪ್ಪಲಾರೆವು. ಬಿಡುಗಡೆಯಾದವನು ಜಾಣ ಕಳ್ಳನೋ ತಪ್ಪಾಗಿ ಹಿಡಿದುತಂದ ಬಡವನೋ ಎಂಬುದನ್ನು ಆ ಶೇಕಡಾ ಲೆಕ್ಕ ಹೇಳುವುದಿಲ್ಲ. ಹೋಟೆಲಿನಲ್ಲಿ ಗಿರಾಕಿಯ ಪರ್ಸು ಹೋದರೆ ಮೊದಲು ಠಾಣೆಗೆ ಹೋಗುವವನು ಬಂಗಾಳಿ ಬಾರದ ಕ್ಲೀನರ್ ಹುಡುಗ. 2022ರ ಕೊನೆಯಲ್ಲಿ ದೇಶದ ಸೆರೆಮನೆಗಳಲ್ಲಿದ್ದ 5,73,220 ಮಂದಿಯಲ್ಲಿ 4,34,302 ಮಂದಿ ವಿಚಾರಣೆ ಮುಗಿಯದವರು. ಅಳತೆಯನ್ನು ಸಡಿಲಿಸಿದರೆ ಒಳಗೆ ಉಳಿಯುವವರು ಯಾರೆಂದು ಬೇರೆ ಹೇಳಬೇಕೆ?

ಶಿಕ್ಷೆಯನ್ನು ಉಗ್ರಗೊಳಿಸುವುದೇ ಸುಧಾರಣೆಯೆಂಬ ಮಾತೂ ಇದೆ. 2024ರ ಆಗಸ್ಟಿನಲ್ಲಿ ಇಲ್ಲಿಯ ಆರ್. ಜಿ. ಕರ್ ಆಸ್ಪತ್ರೆಯಲ್ಲಿ ತರುಣ ವೈದ್ಯೆಯೊಬ್ಬರ ಅತ್ಯಾಚಾರ, ಕೊಲೆಯಾದ ತರುವಾಯ ರಾಜ್ಯದ ವಿಧಾನಸಭೆ ಸೆಪ್ಟೆಂಬರ್ 3ರಂದು ಮರಣದಂಡನೆಯ ಮಸೂದೆಯನ್ನು ಅಂಗೀಕರಿಸಿತು. ಆದರೆ ಆ ಪ್ರಕರಣದಲ್ಲಿ ಸುಪ್ರೀಂ ಕೋರ್ಟು ಮೊದಲಿಗೆ ಕೇಳಿದ ಪ್ರಶ್ನೆಗಳಲ್ಲೊಂದು, ಎಫ್.ಐ.ಆರ್. ಅಷ್ಟು ತಡವಾದುದೇಕೆ ಎಂಬುದು.

2024ರ ಜುಲೈ 1ರಿಂದ ಜಾರಿಗೆ ಬಂದ ಹೊಸ ಸಂಹಿತೆಗಳಲ್ಲಿ ನಮ್ಮವರು ಗಮನಿಸಬೇಕಾದ ಒಂದು ಮಾರ್ಪಾಟಿದೆ. ಐದು ಸಾವಿರ ರೂಪಾಯಿಗಿಂತ ಕಡಿಮೆ ಬೆಲೆಯದನ್ನು ಮೊದಲ ಸಲ ಕದ್ದವನು ವಸ್ತುವನ್ನು ಮರಳಿಸಿದರೆ ಅವನಿಗೆ ಸಮುದಾಯ ಸೇವೆಯ ಶಿಕ್ಷೆ. ಇದು ದಯೆಯುಳ್ಳ ಏರ್ಪಾಡು, ಸ್ವಾಗತಾರ್ಹ. ಆದರೆ ಇಂಥ ಕಳವನ್ನು ಪೋಲೀಸರು ಮ್ಯಾಜಿಸ್ಟ್ರೇಟರ ಅಪ್ಪಣೆಯಿಲ್ಲದೆ ತನಿಖೆ ಮಾಡಲಾಗದ ಪಟ್ಟಿಗೆ ಸೇರಿಸಿದ್ದಾರೆ. ಗುಮಾಸ್ತನ ಹಳೆಯ ಮೊಬೈಲಿನಂಥ ವಸ್ತುಗಳು ಈ ಬೆಲೆಯೊಳಗೆ ಬರಬಹುದು. ಮುಂದಿನ ವರದಿಗಳಲ್ಲಿ ಕಳವು ಇಳಿದು ಕಂಡರೆ ವಾಚಕರು ಇದನ್ನು ನೆನೆಯಬೇಕು.

ಅದಕ್ಕಿಂತ ಹೆಚ್ಚಿನ ನಷ್ಟವಾದವರು 'ಚುರಿ' ಎಂಬ ಮಾತನ್ನು ಬಿಡಕೂಡದು. ಇಂಥ ದೂರನ್ನು ದಾಖಲಿಸುವುದು ಕಡ್ಡಾಯವೆಂದು ಸುಪ್ರೀಂ ಕೋರ್ಟಿನ ಸಂವಿಧಾನ ಪೀಠ 2013ರ ನವೆಂಬರ್ 12ರಂದೇ ಲಲಿತಾ ಕುಮಾರಿ ಮೊಕದ್ದಮೆಯಲ್ಲಿ ತೀರ್ಪಿತ್ತಿದೆ. ಹೊಸ ಸಂಹಿತೆಯ 173ನೆಯ ಕಲಮಿನಂತೆ ಯಾವ ಠಾಣೆಯಲ್ಲಾದರೂ ದೂರು ಕೊಡಬಹುದು. ಈಮೇಲಿನಲ್ಲಿ ಕಳುಹಿಸಿ ಮೂರು ದಿನದೊಳಗೆ ಸಹಿ ಹಾಕಿದರೂ ಸಲ್ಲುತ್ತದೆ. ಠಾಣೆಯವರು ನಿರಾಕರಿಸಿದರೆ ದೂರನ್ನು ಬರಹದಲ್ಲಿ ಅಂಚೆಯ ಮೂಲಕ ಮೇಲಧಿಕಾರಿಗೆ ಕಳುಹಿಸಬಹುದು, ಅನಂತರ ಮ್ಯಾಜಿಸ್ಟ್ರೇಟರಲ್ಲಿಗೂ ಹೋಗಬಹುದು. ಮೊಬೈಲಿನ ರಸೀತಿಯನ್ನೂ ಡಬ್ಬಿಯ ಮೇಲಿನ ಹದಿನೈದು ಅಂಕಿಗಳ ನಂಬರನ್ನೂ ಜೋಪಾನವಾಗಿಟ್ಟಿರಿ. ವರದಿಯ ಪ್ರತಿಯನ್ನು ಕೇಳಿ ಪಡೆಯಿರಿ. ಅದಕ್ಕೆ ಒಂದು ಕಾಸೂ ಕೊಡಬೇಕಾಗಿಲ್ಲ.